ಕುಂಟುತ್ತ ಬಂದ ನ್ಯೂಟ್ರಾನ್

ಪ್ರಯೋಗಶಾಲೆಯೊಂದರಲ್ಲಿ ಅಣ್ಣ ತಮ್ಮಂದಿರಾದ ಎರಡು ನ್ಯೂಟ್ರಾನ್‌ಗಳು ಒಂದೇ ವೇಗದಲ್ಲಿ ಅತಿವಾಹಕ ಹರಳನ್ನು ಹೊಕ್ಕವು. ಅಣ್ಣ ನೇರವಾಗಿ ಹೊರಬಂದ. ತಮ್ಮ ದಾರಿ ತಪ್ಪಿ, ಕುಂಟುತ್ತ ಬಂದ.

“ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಒಂದಕ್ಕೂ ಅಂಟದೆ ಬಂದೆ ನಾನು. ನೀನು ಮನೆತನದ ಮಾನ ಕಳೆದೆಯಲ್ಲೋ!” ಎಂದ ಅಣ್ಣ.

ತಮ್ಮ ನಾಚಿ ಮೂಲೆ ಹುಡುಕುವಷ್ಟರಲ್ಲಿ ಹೊರಗೆ ಕಾದಿದ್ದ ಶೋಧಕ ಯಂತ್ರ ಅವನನ್ನು ಹಿಡಿದು ಕೇಳಿತು: “ಏಕೆ ತಡ?”

“ತಪ್ಪಾಯಿತು. ಒಳಗೆ ಕಾಂತದ ಅಲೆಗಳು ನಡುಗುತ್ತಿದ್ದವು. ಒಂದಕ್ಕೆ ತಾಗಿ ನನ್ನ ವೇಗದಲ್ಲಿ ಒಂದಿಷ್ಟನ್ನು ಅಲ್ಲೇ ಕಳೆದುಕೊಂಡೆ.”

“ಅಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಗುಟ್ಟು ಆ ನಡುಕದಲ್ಲಿದೆಯೇ ಎಂದು ತಿಳಿಯಲೆಂದೇ ನಿಮ್ಮನ್ನು ಕಳಿಸಿದ್ದು. ನೀನು ಕಳೆದುಕೊಂಡದ್ದೇ ನಡುಕದ ಅಳತೆ. ನಿನ್ನಣ್ಣ ಏನು ಕಂಡನಂತೆ?”

ಒಂದಕ್ಕೂ ಅಂಟದೆ ಬಂದ ಅಣ್ಣ ತಲೆ ತಗ್ಗಿಸಿ ಎದುರಿನ ಗೋಡೆಯೊಳಗೆ ಸೇರಿಕೊಂಡ.