ತೇಲಿಹೋದ ಗಂಟೆ

ಭೂಮಿಯ ನೆತ್ತಿಯ ಮೇಲೆ ಬೇಸಿಗೆಯಲ್ಲಿ ಸೂರ್ಯನಿಗೆ ಮುಳುಗೋಕೂ ಸೋಮಾರಿತನ. ಅಂಥ ತೂಕಡಿಸುವ ಬೆಳಕಿನಲ್ಲಿ ಹಡಗಿನಿಂದ ಒಂದು ಹಿತ್ತಾಳೆ ಗಂಟೆ ತನ್ನ ಕಂಬದ ಸಮೇತ ಮಂಜುಗಡ್ಡೆಯ ಅಂಚಿಗೆ ಬಂದಿಳಿದು ಸಾರಿತು:

"ಸೀಲ್‌ಗಳೇ, ಹೆದರಬೇಡಿ! ಮಂಜುಗಡ್ಡೆ ಒಡೆದು ಈಜು ಬಾರದ ಮರಿಗಳು ತೇಲಿಹೋದರೆ ನಾನು ಢಣಢಣ ಮೊಳಗುತ್ತೇನೆ, ನೀವು ಓಡಿ ಬನ್ನಿ. ನನ್ನ ಕಂಬ ಇಲ್ಲೇ ಇರಲಿ, ನೋಟ ಚೆನ್ನಾಗಿದೆ."

ಒಬ್ಬ ತಾಯಿ ಸೀಲ್ ತನ್ನಮ್ಮ ಸೀಲಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು, "ಅಮ್ಮಾ, ಪ್ರತಿ ವರ್ಷ ಮೊದಲು ಒಡೆಯೋದೇ ಆ ಜಾಗ ಅಲ್ವಾ?"

"ಶ್! ಅತಿಥಿ ಕಣೇ," ಅಂದಳು ಸೀಲಜ್ಜಿ. "ಅವರಾಗಿ ಕೇಳದೆ ಬುದ್ಧಿ ಹೇಳೋದು ನಮ್ಮಲ್ಲಿ ಪದ್ಧತಿಯಲ್ಲ."

ಗಂಟೆಯೋ, ಹುಟ್ಟಿದಾಗಿನಿಂದ ಯಾರನ್ನೂ ಏನೂ ಕೇಳಿದ್ದೇ ಇಲ್ಲ. ತಾಯಿ ಮೀನಿಗೆ ಹೋದಾಗ ಅವಳ ಮರಿ ಕಂಬದ ಬುಡದಲ್ಲಿ ನಿದ್ದೆಹೋಯಿತು. ಅಷ್ಟರಲ್ಲಿ ಲಟಕ್ ಎಂದು ಗಡ್ಡೆ ಒಡೆಯಿತು! ಮರಿ, ಕಂಬ, ಗಂಟೆ ಎಲ್ಲ ಒಟ್ಟಿಗೆ, ಕನಸಿನಲ್ಲಿ ನಡೆದಂತೆ, ಮೆಲ್ಲಗೆ ಕಡಲಿಗೆ ಹೊರಟವು.

"ಕಾಪಾಡ್ರಪ್ಪೋ!" ಗಂಟೆ ತನಗಾಗಿ ತಾನೇ ಬಾರಿಸಿಕೊಂಡಿತು.

ಸೀಲ್‌ಗಳೆಲ್ಲ ನುಗ್ಗಿ ಬಂದು, ಮೂತಿಯಿಂದ ತಳ್ಳಿ ತಳ್ಳಿ ಆ ಗಡ್ಡೆಯನ್ನು ದಡ ಸೇರಿಸಿದವು. ಮರಿಗೆ ಎಚ್ಚರವೇ ಆಗಿರಲಿಲ್ಲ.

ಗಂಟೆ ಸಣ್ಣ ದನಿಯಲ್ಲಿ ಕೇಳಿತು, "ಅಜ್ಜೀ, ನಾನು ಎಲ್ಲಿ ನಿಲ್ಲಬೇಕಿತ್ತು?"

"ಆ ಕರೀ ಬಂಡೆ ಮೇಲೆ," ಅಂದಳು ಸೀಲಜ್ಜಿ, ಮರಿಯನ್ನು ಮೂಸುತ್ತಾ. "ಮರ್ಯಾದೆ ನೋಡ್ಕೊಂಡು ಮೊಮ್ಮಗೂನೇ ಕಳ್ಕೊಳ್ತಿದ್ದೆ. ಇನ್ಮೇಲೆ ನೀನು ಕೇಳದಿದ್ರೂ ಹೇಳ್ತೀವಿ."

ಹೇಳಿದವು ಕೂಡ. ಕಂಬ ಬಂಡೆ ಏರಿದಾಗಿನಿಂದ "ಸ್ವಲ್ಪ ಎಡಕ್ಕೆ", "ಅಯ್ಯೋ, ಅಷ್ಟಲ್ಲ!" ಎಂಬ ಕೂಗು ನಿಂತೇ ಇಲ್ಲ. ಗಂಟೆ ಪಾಪ, ಇನ್ನೂ ಸರಿಯುತ್ತಲೇ ಇದೆ.