ಬಾಣಂತಿ ಭೂಮಿಯ ಕೆಂಡ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಸೋದರತ್ತೆ ಹಾಲಮ್ಮ. ನಾಲ್ಕು ಬಾಣಂತನ ಮುಗಿಸಿದವರು. ಭೂಮಿಯ ವಿಷಯ ಮಾತಾಡಲು ಅಷ್ಟು ಓದು ಸಾಕು ಎಂಬುದು ಅವರ ನಂಬಿಕೆ.

ಜಗತ್ತಿನ ಮೈ ಇನ್ನೂ ಹಸಿಯಾಗಿದ್ದ ಕಾಲ. ಎಲ್ಲಿಂದಲೋ ಬಂದ ಪರದೇಶಿ ಗ್ರಹವೊಂದು ಭೂಮಿಗೆ ಢಿಕ್ಕಿ ಹೊಡೆಯಿತು. ಅದರ ಹೆಸರು ಅತ್ತೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಏಟಿಗೆ ಭೂಮಿ ಮೈಯೆಲ್ಲ ಕರಗಿಹೋದಳು. ಅವಳಿಂದ ಸಿಡಿದ ತುಣುಕೆಲ್ಲ ಕೂಡಿ ಒಂದು ಕೂಸಾಯಿತು. ಕೆಂಪಗೆ ಹೊಳೆಯುವ ಕೂಸು, ಚಂದ್ರ.

ಸೂಲಗಿತ್ತಿಯಾಗಿ ಬಂದವಳು ಕತ್ತಲಜ್ಜಿ. ಅವಳಿಗಿಂತ ಹಿರಿಯರು ಆಗ ಯಾರೂ ಇರಲಿಲ್ಲ.

“ಬಾಣಂತಿ ಮೈಗೆ ತಂಡಿ ಹತ್ತಬಾರ್ದು,” ಎಂದಳು ಅಜ್ಜಿ. ಭಾರದ ಕಬ್ಬಿಣವನ್ನೆಲ್ಲ ಹೊಟ್ಟೆಯೊಳಕ್ಕೆ ಇಳಿಸಿ ಅಗ್ಗಿಷ್ಟಿಕೆ ಮಾಡಿದಳು. ನಟ್ಟನಡುವಿನ ಕಬ್ಬಿಣ ಮೇಲಿನ ಭಾರ ಒತ್ತಿ ಒತ್ತಿ ಗಟ್ಟಿಯಾಯಿತು, ಅದರ ಸುತ್ತಲಿನದು ಕರಗಿದ ಹಾಗೇ ಉಳಿಯಿತು. ಅದರ ಮೇಲೆ ಕಲ್ಲಿನ ದಪ್ಪ ಕೌದಿ ಹೊದಿಸಿದಳು. ಎಲ್ಲಕ್ಕಿಂತ ಮೇಲೆ, ಕಾಸಿದ ಹಾಲು ಆರಿದಾಗ ಕೆನೆ ಕಟ್ಟುವ ಹಾಗೆ, ತೆಳ್ಳಗೆ ಒಂದು ಸಿಪ್ಪೆ ಕಟ್ಟಿತು.

ಭೂಮಿ ಬೆಚ್ಚಗೆ ನಿದ್ದೆಹೋದಳು.

ಎಚ್ಚರವಾದಾಗ ಕೂಸಿನ ಕೆಂಪು ಕಾಣಲಿಲ್ಲ. ಮೈಯೆಲ್ಲ ಬೂದಿ ಬಣ್ಣ.

“ಅಜ್ಜೀ, ಕೂಸಿಗೆ ಏನು ಹೊದಿಸಿದ್ದೆ?”

ಲೋಕಕ್ಕೇ ಅದು ಮೊದಲ ಬಾಣಂತನ. ತಾಯಿಗೆ ಹೊದಿಸುವ ಗಡಿಬಿಡಿಯಲ್ಲಿ ಕೂಸಿಗೂ ಹೊದಿಸಬೇಕೆಂದು ಕತ್ತಲಜ್ಜಿಗೆ ಹೊಳೆದೇ ಇರಲಿಲ್ಲ.

“ಚಂದ್ರಾ, ಚಳಿ ಆಗ್ತಿದೆಯೇನೋ?”

“ಆಗ್ತಿತ್ತು ಅವ್ವಾ,” ಎಂದ ಚಂದ್ರ. “ಈಗ ಏನೂ ಆಗ್ತಿಲ್ಲ.”

ಚಳಿ ಎಂದು ಅತ್ತಿದ್ದರೆ ಭೂಮಿಗೆ ಅಷ್ಟಾದರೂ ಸಮಾಧಾನವಿತ್ತು. ಇದು ಅಳುವುದನ್ನೂ ಬಿಟ್ಟ ಕೂಸು.

“ಇಷ್ಟು ಬೇಗ ಹೇಗಜ್ಜಿ? ನಾನಿನ್ನೂ ಕುದೀತಾ ಇದೀನಲ್ಲ.”

“ತುತ್ತು ಬೇಗ ಆರುತ್ತೆ ಮಗಳೇ. ಮುದ್ದೆ ಒಳಗೊಳಗೇ ಸುಡ್ತಾ ಇರುತ್ತೆ. ಅವನು ತುತ್ತು, ನೀನು ಮುದ್ದೆ.”

ಭೂಮಿ ಕೌದಿ ಕಿತ್ತೆಸೆಯಲು ಹೋದಳು. ಸಿಪ್ಪೆ ಬಿರಿಯಿತು, ಬೆಂಕಿ ಚಿಮ್ಮಿತು, ಚಂದ್ರನನ್ನು ಮುಟ್ಟದೆ ಅವಳ ಮಡಿಲಿಗೇ ಬೂದಿಯಾಗಿ ಬಿತ್ತು. ಮತ್ತೆ ಚಿಮ್ಮಿಸಿದಳು. ಮತ್ತೆ ಬೂದಿ.

ಅಜ್ಜಿ ಅವಳ ಕೈ ಹಿಡಿದಳು. “ಎಲ್ಲಾ ಕಿತ್ತು ಹಾಕಿದ್ರೆ ನೀನೂ ಆರಿಹೋಗ್ತೀಯ. ಆಮೇಲೆ ಅವನಿಗೆ ಅವ್ವ ಅಂತ ಯಾರಿರ್ತಾರೆ?”

ಆಗ ಕೌದಿಯ ತಳದಲ್ಲಿ, ಅಗ್ಗಿಷ್ಟಿಕೆಗೆ ತಾಗಿಕೊಂಡಿದ್ದ ಕಲ್ಲೊಂದು ಹೇಳಿತು, “ಕೌದಿ ತೆಗೀಬೇಡ ತಾಯೀ. ಬಿಸಿ ಹೊತ್ಕೊಂಡು ನಾನೇ ಮೇಲೆ ಹೋಗ್ತೀನಿ. ಆದಷ್ಟು ಹತ್ರ ಹೋಗಿ ಕೊಟ್ಟು ಬರ್ತೀನಿ.”

ಬಿಸಿಯಾದ ಕಲ್ಲು ಹಗುರ. ಉಗುರು ಬೆಳೆಯುವಷ್ಟು ನಿಧಾನವಾಗಿ ಅದು ಮೇಲೇರಿತು. ಸಿಪ್ಪೆಯ ಹತ್ತಿರ ತನ್ನ ಬಿಸಿಯನ್ನೆಲ್ಲ ಕೊಟ್ಟಿತು. ತಣ್ಣಗಾಗಿ, ಭಾರವಾಗಿ ಮತ್ತೆ ಕೆಳಗಿಳಿಯಿತು.

“ಕೂಸು ಬೆಚ್ಚಗಾಯ್ತಾ?” ಭೂಮಿ ಕೇಳಿದಳು.

ಕಲ್ಲು ಕತ್ತಲಜ್ಜಿಯ ಮುಖ ನೋಡಿತು. ಆ ಕೂಸು ಇನ್ನು ಬೆಚ್ಚಗಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೇಳಿದರೆ ಈ ತಾಯಿ ಮೈಮೇಲೆ ಏನನ್ನೂ ಉಳಿಸಿಕೊಳ್ಳುವವಳಲ್ಲ ಎಂದೂ ಗೊತ್ತಿತ್ತು.

“ಇನ್ನೂ ಸ್ವಲ್ಪ ಬೇಕು ತಾಯೀ,” ಎಂದಿತು ಕಲ್ಲು.

“ಹಾಗಾದ್ರೆ ಇನ್ನೊಬ್ರು ಹೋಗಿ.”

ಇನ್ನೊಂದು ಕಲ್ಲು ಏರಿತು. ಕೊಟ್ಟಿತು. ಇಳಿಯಿತು.

“ಬೆಚ್ಚಗಾಯ್ತಾ?”

“ಇನ್ನೂ ಸ್ವಲ್ಪ ಬೇಕು ತಾಯೀ.”

ಅದಕ್ಕೇ ಇವತ್ತಿಗೂ ಭೂಮಿಯೊಳಗೆ ಕಲ್ಲುಗಳು ಏರುತ್ತಲೇ ಇವೆ, ಇಳಿಯುತ್ತಲೇ ಇವೆ. ಅವುಗಳ ಓಡಾಟಕ್ಕೆ ನೆಲ ಸರಿಯುತ್ತದೆ, ಒಮ್ಮೊಮ್ಮೆ ನಡುಗುತ್ತದೆ. ಎಲ್ಲೋ ಬೆಟ್ಟ ಬೆಂಕಿ ಉಗುಳುತ್ತದೆ, ಎಲ್ಲೋ ಬಿಸಿನೀರು ಬುಗ್ಗೆಯಾಗಿ ಏಳುತ್ತದೆ. ಚಂದ್ರ ಮಾತ್ರ ಒಂದೇ ಮುಖವನ್ನು ಅವ್ವನ ಕಡೆ ಹಾಕಿಕೊಂಡು ಸುಮ್ಮನೆ ಸುತ್ತುತ್ತಾನೆ.

ಇದನ್ನು ನೀನೂ ಯಾರಿಗಾದರೂ ಹೇಳು ಮರಿ. ಚಂದ್ರ ಎಷ್ಟು ತಂಪು ಎಂದು ಹೊಗಳುವವರಿಗಂತೂ ತಪ್ಪದೆ ಹೇಳು. ಹೇಳುವಾಗ ದನಿ ಸ್ವಲ್ಪ ತಗ್ಗಿಸು. ಕೆಳಗಿರುವವಳಿಗೆ ಕೇಳಿಸಬಾರದು.