ಚೆಂಡು ಬಿಟ್ಟು ಓಡಿದ ಚೂಪ

ಕಾಡಿನ ನಡುವೆ ಹೊಳೆಯೊಂದು ತಿರುಗುವ ಕಡೆ, ದೊಡ್ಡ ಬಂಡೆಯ ಅಡಿಯಲ್ಲಿ ಒಂದು ನೀರುನಾಯಿ ಸಂಸಾರವಿತ್ತು, ಮಕ್ಕಳೇ. ಅಪ್ಪ ಪೂವಯ್ಯ, ಅಮ್ಮ ಬೊಳ್ಳವ್ವ, ಮಗಳು ಚಿಮ್ಮಿ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ದಡದಲ್ಲಿ ಗಟ್ಟಿ ಮಣ್ಣಿನ ಬಯಲು ಕಾಣಿಸಿಕೊಳ್ಳುತ್ತಿತ್ತು. ಕಾಡಿನ ಮರಿಗಳೆಲ್ಲ ಅಲ್ಲಿ ಸೇರಿ, ತುದಿ ಬಾಗಿದ ಕೋಲು ಹಿಡಿದು, ಬೇಲದ ಕಾಯಿಯನ್ನೇ ಚೆಂಡು ಮಾಡಿಕೊಂಡು ಹಾಕಿ ಆಟ ಆಡುತ್ತಿದ್ದವು.

ಚಿಮ್ಮಿ ಆಡುವುದನ್ನು ನೀವು ನೋಡಬೇಕಿತ್ತು! ಚೆಂಡು ಅವಳ ಕೋಲಿಗೆ ಅಂಟಿಕೊಂಡೇ ಓಡುತ್ತಿದೆಯೇನೋ ಅನ್ನಿಸುತ್ತಿತ್ತು. ಗೋಲು ಹೊಡೆದರೂ ನಗು, ಜಾರಿ ಬಿದ್ದರೂ ನಗು.

ಒಂದು ದಿನ ಮರಿಗಳಿಗೆ ಆಟ ಕಲಿಸುವ ಕಡವೆ ಮಾಸ್ತರು ಬಂಡೆಯ ಹತ್ತಿರ ಬಂದರು.

"ಪೂವಯ್ಯ, ನಿಮ್ಮ ಹುಡುಗಿಯ ಕೈಯಲ್ಲಿ ಆಟ ಇದೆ. ಚೆನ್ನಾಗಿ ಅಭ್ಯಾಸ ಮಾಡಿದರೆ ಮುಂದೆ ಇಡೀ ಕಾಡಿನ ತಂಡದಲ್ಲಿ ಆಡಬಹುದು" ಎಂದರು.

'ಆಡಬಹುದು' ಎಂಬ ಮಾತು ಪೂವಯ್ಯನ ಕಿವಿಗೆ 'ಆಡಿಯೇ ತೀರುತ್ತಾಳೆ' ಎಂದು ಕೇಳಿಸಿತು.

ಮಾಸ್ತರು ಹೋದ ಮೇಲೆ ಅವನು ಹೆಂಡತಿಗೆ ಹೇಳಿದ: "ನಾಳೆಯಿಂದ ಬೆಳಗ್ಗೆ ಹಾಕಿ, ಸಂಜೆಯೂ ಹಾಕಿ. ಬೇರೆ ಏನೂ ಬೇಡ."

"ಆಡಲಿ, ಯಾರು ಬೇಡ ಅಂದರು?" ಎಂದಳು ಬೊಳ್ಳವ್ವ. "ಆದರೆ ಅವಳಿಗೆ ಇನ್ನೂ ಈಜು ಸರಿಯಾಗಿ ಬಂದಿಲ್ಲ. ಬೆಳಗ್ಗೆ ನನ್ನ ಜೊತೆ ನೀರಿಗೆ ಬರಲಿ, ಸಂಜೆ ಆಡಲಿ."

ಪೂವಯ್ಯ ಜೋರಾಗಿ ನಕ್ಕ. "ನೀರುನಾಯಿ ಮರಿಗೆ ಈಜು ಕಲಿಸಬೇಕೇ?"

"ಕಲಿಸಲೇಬೇಕು. ನಿಮ್ಮಮ್ಮ ನಿಮ್ಮ ಕತ್ತು ಹಿಡಿದು ನೀರಿಗೆ ಎಳೆಯುತ್ತಿದ್ದರಂತೆ. ನೀವು ಅಳುತ್ತಿದ್ದಿರಂತೆ. ಮರೆತುಹೋಯಿತೇ?"

ಹೌದು ಮಕ್ಕಳೇ, ನೀರುನಾಯಿಯ ಮರಿ ಮೊದಮೊದಲು ನೀರಿಗೆ ಹೆದರುತ್ತದೆ. ದೊಡ್ಡವರು ಜೊತೆಗಿದ್ದು ಕಲಿಸಿದರಷ್ಟೇ ಅದಕ್ಕೆ ಈಜು ಬರುವುದು.

"ಈಜು ಎಲ್ಲಿಗೆ ಓಡಿಹೋಗುತ್ತದೆ? ಆಮೇಲೆ ಕಲಿತರಾಯಿತು. ಹಾಕಿಗೆ ಇದೇ ವಯಸ್ಸು" ಎಂದ ಪೂವಯ್ಯ. ಗಂಡನ ಹುರುಪು ನೋಡಿ ಬೊಳ್ಳವ್ವ ಸುಮ್ಮನಾದಳು.

ಮರುದಿನದಿಂದ ಚಿಮ್ಮಿಗೆ ಬಿಡುವೇ ಇಲ್ಲ. ಗೆಳತಿಯರು ಕರೆದರೆ "ಅಭ್ಯಾಸ ಇದೆ." ಅಮ್ಮ ನೀರಿಗೆ ಕರೆದರೆ "ಅಭ್ಯಾಸ ಇದೆ." ಪಂದ್ಯದ ದಿನ ಅಪ್ಪ ಎತ್ತರದ ದಿಬ್ಬ ಹತ್ತಿ ನಿಂತು, "ಎಡಕ್ಕೆ! ಬಲಕ್ಕೆ! ಹೊಡಿ, ಹೊಡಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಬರಬರುತ್ತಾ ಚಿಮ್ಮಿ ಗೋಲು ಹೊಡೆದರೂ ನಗುವುದನ್ನು ಬಿಟ್ಟಳು. ಒಮ್ಮೆಯಂತೂ ಕಾಲುನೋವು ಎಂದು ಸುಳ್ಳು ಹೇಳಿ ಪೊದೆಯ ಹಿಂದೆ ಅಡಗಿ ಕುಳಿತಳು. ಪೂವಯ್ಯ ಎಳೆದುಕೊಂಡು ಬಂದ.

ಕೊನೆಗೆ ಗುಡ್ಡದ ತಂಡದ ಜೊತೆ ದೊಡ್ಡ ಪಂದ್ಯ ಬಂತು. ಅಂದು ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದು ಹೊಳೆ ಕೆಂಪಾಗಿ ಉಕ್ಕಿ ಬಯಲಿನ ಅಂಚಿನವರೆಗೂ ಬಂದಿತ್ತು. ಆಟ ಮುಗಿದ ಮೇಲೆ ಮರಿಗಳಿಗೆಲ್ಲ ತಿನ್ನಲು ಏನಾದರೂ ತರೋಣವೆಂದು ಬೊಳ್ಳವ್ವ ದೂರ ಹೋಗಿದ್ದಳು. ಪೂವಯ್ಯ ದಿಬ್ಬದ ಮೇಲಿದ್ದ.

ಎರಡೂ ತಂಡ ಸಮಸಮ. ಆಟ ಮುಗಿಯುವ ಹೊತ್ತು. ಗುಡ್ಡದ ತಂಡದ ಮುಳ್ಳುಹಂದಿ ಮರಿ ಚೂಪ ಚೆಂಡು ಕಸಿದುಕೊಂಡು ಓಡಿತು. ಅದನ್ನು ತಡೆಯಲು ಚಿಮ್ಮಿ ನೀರಿನ ಅಂಚಿನಗುಂಟ ಬೆನ್ನಟ್ಟಿದಳು. ನೆನೆದು ಸಡಿಲವಾಗಿದ್ದ ದಡ ಕುಸಿಯಿತು. ಅವಳು ಕಿರುಚುತ್ತಾ ಹೊಳೆಗೆ ಬಿದ್ದಳು!

ಪೂವಯ್ಯನ ಕಣ್ಣು ಚೆಂಡಿನ ಮೇಲೆಯೇ ಇತ್ತು. "ಚಿಮ್ಮಿ, ಎಲ್ಲಿದ್ದೀಯ? ತಡಿ ಅವನನ್ನ!" ಎಂದು ಕೂಗುತ್ತಲೇ ಇದ್ದ.

ಚೂಪನ ಎದುರು ಗೋಲು ಖಾಲಿ. ಒಂದು ಹೊಡೆತ ಸಾಕಿತ್ತು. ಆದರೆ ಅದು ಚೆಂಡನ್ನು ಅಲ್ಲೇ ಬಿಟ್ಟು ಹೊಳೆಯ ಕಡೆ ಓಡಿತು.

"ಬನ್ನಿ, ಎಲ್ಲರೂ ಬನ್ನಿ! ಕೋಲು ಹಿಡಿಯಿರಿ!" ಎಂದು ಕೂಗಿತು.

ಎರಡೂ ತಂಡದ ಮರಿಗಳು ಧಾವಿಸಿದವು. ಒಂದರ ಕೋಲನ್ನು ಇನ್ನೊಂದು ಹಿಡಿದು ಸರಪಳಿ ಕಟ್ಟಿದವು. ಎಲ್ಲರಿಗಿಂತ ಮುಂದೆ ಚೂಪ. ಹಿಂದಿದ್ದ ಮೊಲದ ಮರಿಗೆ ಚುಚ್ಚದಿರಲೆಂದು ಮುಳ್ಳುಗಳನ್ನು ಮೈಗೆ ಒತ್ತಿಕೊಂಡು, ಎದೆಮಟ್ಟದ ನೀರಿಗಿಳಿದು ಕೋಲು ಚಾಚಿತು. ಮುಳುಗೇಳುತ್ತಿದ್ದ ಚಿಮ್ಮಿ ಬಾಗಿದ ತುದಿಯನ್ನು ತಬ್ಬಿಕೊಂಡಳು.

ಆಗಷ್ಟೇ ಪೂವಯ್ಯನಿಗೆ ಕಂಡಿತು. ಹೇಗೆ ಓಡಿದನೋ, ಹೇಗೆ ಹಾರಿದನೋ ಅವನಿಗೇ ಗೊತ್ತಿಲ್ಲ. ನೀರಿಗೆ ಬಿದ್ದು ಮಗಳನ್ನು ಕೆಳಗಿನಿಂದ ಎತ್ತಿ ಹಿಡಿದ. ಮರಿಗಳು ಏದುಸಿರು ಬಿಡುತ್ತಾ ಇಬ್ಬರನ್ನೂ ಎಳೆದು ದಡಕ್ಕೆ ಹಾಕಿದವು.

ನೀರು ಕಕ್ಕಿ ಕಣ್ಣು ಬಿಟ್ಟ ಚಿಮ್ಮಿ ಮೊದಲು ಕೇಳಿದ್ದು, "ಅಪ್ಪಾ, ಗೋಲು ಆಯಿತೇ? ಬೈತೀರಾ?"

ಪೂವಯ್ಯ ಅವಳ ಮುಖದ ನೀರು ಒರೆಸಿದ. ಓಡಿಬಂದ ಬೊಳ್ಳವ್ವ ಗಂಡನನ್ನೂ ಬೈಯಲಿಲ್ಲ, ಯಾರನ್ನೂ ಬೈಯಲಿಲ್ಲ. ಮಗಳನ್ನು ಎದೆಗೆ ಒತ್ತಿಕೊಂಡು, ಒದ್ದೆಯಾಗಿ ನಡುಗುತ್ತಿದ್ದ ಮರಿಗಳ ತಲೆಯನ್ನೆಲ್ಲ ಒಂದೊಂದಾಗಿ ಸವರಿದಳು.

ಅಪ್ಪ ನಿಧಾನವಾಗಿ ಕೇಳಿದ: "ಹಾಕಿ ಬಿಟ್ಟುಬಿಡುತ್ತೀಯಾ, ಮಗಳೇ?"

"ಬಿಡಿಸಬೇಡಿ ಅಪ್ಪಾ! ಹಾಕಿ ನನಗೆ ಇಷ್ಟ. ಆದರೆ ನೀವು ಕೂಗಿದರೆ ನನಗೆ ಚೆಂಡೇ ಕಾಣುವುದಿಲ್ಲ."

"ಇನ್ನು ಕೂಗುವುದಿಲ್ಲ. ಬೆಳಗ್ಗೆ ಅಮ್ಮನ ಜೊತೆ ಈಜು, ಸಂಜೆ ಆಟ. ಮನಸ್ಸಿಲ್ಲದ ದಿನ ಹೇಳು, ಮನೆಯಲ್ಲೇ ಇರು" ಎಂದ ಪೂವಯ್ಯ. ಓಡಿಬಂದಿದ್ದ ಕಡವೆ ಮಾಸ್ತರೂ ತಲೆ ಆಡಿಸಿದರು. "ಅಷ್ಟು ಸಾಕು. ನಾನೂ ಅಷ್ಟನ್ನೇ ಹೇಳಬೇಕಿತ್ತು" ಎಂದರು.

ನೀರು ಇಳಿದ ಮೇಲೆ ಪೂವಯ್ಯ ಕೋಲು ಹಿಡಿದಿದ್ದ ಪ್ರತಿ ಮರಿಯ ಮನೆಗೂ ಹೋದ. ಮೊಲದ ಮರಿಗೆ ಎಳೆ ಹುಲ್ಲು, ಮಂಗನ ಮರಿಗೆ ನೇರಳೆ ಹಣ್ಣು. ಕೊನೆಗೆ ಬುಟ್ಟಿ ತುಂಬ ಗೆಡ್ಡೆ ಹೊತ್ತು ಗುಡ್ಡ ಹತ್ತಿ ಚೂಪನ ಮನೆ ತಲುಪಿದ.

"ನಮ್ಮ ಮನೆಯ ಬೆಳಕು ಉಳಿಸಿಕೊಟ್ಟೆಯಪ್ಪಾ" ಎಂದು ಕೈಮುಗಿದ. ಆಮೇಲೆ ತಡೆಯಲಾರದೆ ಕೇಳಿದ: "ನಿನ್ನ ಎದುರು ಗೋಲು ಖಾಲಿ ಇತ್ತು. ಹೇಗೆ ಬಿಟ್ಟು ಬಂದೆ?"

ಚೂಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಮ್ಮನ ಮುಖ ನೋಡಿತು. ಮತ್ತೆ ಪೂವಯ್ಯನ ಮುಖ ನೋಡಿತು.

"ಚಿಮ್ಮಿ ಕೂಗಿದಳಲ್ಲ, ಮಾವ?" ಎಂದಿತು.

"ನಾನೂ ಕೂಗುತ್ತಲೇ ಇದ್ದೆ, ಅವಳ ಕೂಗು ನನಗೆ ಕೇಳಲೇ ಇಲ್ಲ" ಎನ್ನುತ್ತಾ ಪೂವಯ್ಯ ಅಲ್ಲೇ ನೆಲದ ಮೇಲೆ ಕುಳಿತ. ಚೂಪನ ತಾಯಿ ಅವನಿಗೆ ಕುಡಿಯಲು ನೀರು ತಂದುಕೊಟ್ಟಳು.

ನೀತಿ: ಮಕ್ಕಳ ಆಟವನ್ನು ಪ್ರೀತಿಯಿಂದ ಬೆಳೆಸಿ, ಆದರೆ ಆಟ ನೋಡುವ ಭರದಲ್ಲಿ ಮಗುವನ್ನು ನೋಡುವುದನ್ನು ಮರೆಯಬೇಡಿ.